ಶಿಟಾಂಗೋ ಝೌಜುವಾಂಗೋ

ಚೀನಾದ ಕಾಲುವೆ ಊರುಗಳ ವಿಷಯಕ್ಕೆ ಕಸ್ತೂರಿಗೂ ಅವಳ ಗಂಡ ಚಂದ್ರಮೋಹನನಿಗೂ ಜಟಾಪಟಿ ಶುರುವಾದದ್ದು ಕೊರೊನಾ ಬರುವುದಕ್ಕೂ ಮೊದಲು.

ಮೈಸೂರಿನ ಚಂದ್ರಮೋಹನ ಜಪಾನಿನ ಕನಗಾವಾದಲ್ಲಿ, ಕಾರು ಕಾರ್ಖಾನೆಗಳಿಗೆ ಯಂತ್ರ ಕೂಡಿಸಿಕೊಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಕಸ್ತೂರಿ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಕೆಲಸದ ಜಾಗ ದೂರವಾದರೂ ಮನೆ ಮಾಡಿದ್ದು ಟೋಕಿಯೊದ ನಿಶಿ ಕಸಾಯಿಯಲ್ಲಿ. ಕರಿಬೇವು, ರಾಗಿ ಹಿಟ್ಟು, ಮಾತಾಡಲು ನಾಲ್ಕು ಜನ ಸಿಗುವ ಜಾಗ ಅದೊಂದೇ ಎಂದು. ಮಗಳು ನಿಧಿ ಇಲ್ಲೇ ಹುಟ್ಟಿದವಳು, ಓದುತ್ತಿದ್ದುದೂ ಜಪಾನೀ ಶಾಲೆಯಲ್ಲೇ.

ಕೆಲಸದ ಮೇಲೆ ಶಾಂಘೈಗೆ ಹೋಗಿ ಬರುತ್ತಿದ್ದ ಚಂದ್ರಮೋಹನನಿಗೆ ಅಲ್ಲಿಯವರು ಆ ಊರುಗಳ ಬಗ್ಗೆ ಹೇಳಿದ್ದರು. ಶಾಂಘೈಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸಾಗಬಹುದಾದ ಹಳೆಯ ಊರುಗಳು. ಬೀದಿ ಇರಬೇಕಾದ ಕಡೆ ಕಾಲುವೆ, ಕಾಲುವೆಗೆ ಕಲ್ಲಿನ ಕಮಾನು ಸೇತುವೆ, ಎರಡೂ ದಡದಲ್ಲಿ ನೀರಿಗೆ ಕಾಲಿಳಿಬಿಟ್ಟು ಕೂತಂಥ ಕಪ್ಪು ಹೆಂಚಿನ ಮನೆಗಳು. ಎರಡು ಸಾವಿರದ ಇಪ್ಪತ್ತರ ಚಳಿಗಾಲದಲ್ಲಿ ಮೂವರೂ ಶಾಂಘೈಗೆ ಹೋಗುವುದು, ಅದರಲ್ಲಿ ಒಂದು ದಿನ ಇಂಥದೊಂದು ಊರಿಗೆ ಎಂದು ಮಾತಾಯಿತು. ಆದರೆ ಯಾವುದಕ್ಕೆ? ಅವನು ಝೌಜುವಾಂಗ್ ಎಂದ. ಅಷ್ಟೊಂದು ಜನ ಹೋಗುತ್ತಾರೆಂದರೆ ಅದರಲ್ಲೇನೋ ಇರಲೇಬೇಕು ಎಂಬುದು ಅವನ ವಾದ. ಅವಳು ಶಿಟಾಂಗ್ ಎಂದಳು. ಅಲ್ಲಿ ಕಾಲುವೆಯುದ್ದಕ್ಕೂ ದಾರಿಗೆ ಸೂರು ಹೊದಿಸಿದ್ದಾರಂತೆ, ಮಳೆ ಬಂದರೂ ನೆನೆಯದೆ ದಿನವಿಡೀ ಅಡ್ಡಾಡಬಹುದಂತೆ. ಇಬ್ಬರೂ ಬಗ್ಗಲಿಲ್ಲ. ಅಷ್ಟರಲ್ಲಿ ವುಹಾನಿನ ಸುದ್ದಿ ಬಂತು, ಟಿಕೆಟ್ ರದ್ದಾಯಿತು, ಜಗಳ ಅರ್ಧಕ್ಕೇ ನಿಂತಿತು.

ಎರಡು ವರ್ಷ ಕಳೆದ ಮೇಲೆ, ಇಪ್ಪತ್ತೆರಡರ ಜನವರಿಯಲ್ಲಿ, ಶಾಂಘೈ ಕಾರ್ಖಾನೆಯೊಂದರ ಹೊಸ ಯಂತ್ರಸಾಲನ್ನು ಕೂಡಿಸಿಕೊಡಲು ಕಂಪನಿ ಚಂದ್ರಮೋಹನನನ್ನೇ ಕಳಿಸಿತು. ಮೊದಲು ಮೂರು ವಾರ ಹೋಟೆಲ್ ಕೋಣೆಯಲ್ಲಿ ಒಂಟಿವಾಸ, ಆಮೇಲೆ ಒಂದೂವರೆ ತಿಂಗಳ ಕೆಲಸ. ಸಕ್ಕರೆ ಕಾಯಿಲೆಯವನಾದ್ದರಿಂದ ಇನ್ಸುಲಿನ್ ಪೆನ್ನುಗಳನ್ನು ಮೂರು ತಿಂಗಳಿಗೆ ಆಗುವಷ್ಟು ಕಸ್ತೂರಿಯೇ ಎಣಿಸಿ ಕಟ್ಟಿಕೊಟ್ಟಳು. ಮಾರ್ಚ್ ಕೊನೆಯಲ್ಲಿ, ಇನ್ನೇನು ವಾಪಸ್ ಹೊರಡಬೇಕು ಎನ್ನುವಾಗ, ಅವನಿದ್ದ ಪುಡಾಂಗ್ ಭಾಗವನ್ನು ಮುಚ್ಚಿದರು. ನಾಲ್ಕೇ ದಿನ ಎಂದರು. ಆ ನಾಲ್ಕು ದಿನ ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಹದಿನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿ ಚಂದ್ರಮೋಹನ ಒಬ್ಬನೇ. ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿ ಹೋಗಿದ್ದರು. ಬಿಳಿ ಉಡುಪಿನವರು ಆಗಾಗ ಬಂದು ಪಟ್ಟಿ ಬಿಚ್ಚಿ, ಗಂಟಲ ದ್ರವ ತೆಗೆದುಕೊಂಡು, ಹೊಸ ಪಟ್ಟಿ ಅಂಟಿಸಿ ಹೋಗುತ್ತಿದ್ದರು. ಅವರಲ್ಲಿ ಗಂಡು ಯಾರು ಹೆಣ್ಣು ಯಾರು ಎಂದೂ ತಿಳಿಯುತ್ತಿರಲಿಲ್ಲ. ಸರಕಾರದ ಚೀಲದಲ್ಲಿ ಎಲೆಕೋಸು, ಮೂಲಂಗಿ, ಅಕ್ಕಿಯ ಜೊತೆ ಹಂದಿ ಮಾಂಸದ ಡಬ್ಬಿಗಳು ಬರುತ್ತಿದ್ದವು. ಮೊಟ್ಟೆಯನ್ನೂ ಮುಟ್ಟದ ಚಂದ್ರಮೋಹನ, ಪಟ್ಟಿ ಬಿಚ್ಚಿದ ಹೊತ್ತಿನಲ್ಲಿ, ಆ ಡಬ್ಬಿಗಳನ್ನು ಎದುರು ಮನೆಯ ಶೆನ್ ಎಂಬ ಮುದುಕಿಯ ಬಾಗಿಲಲ್ಲಿ ಇಟ್ಟು ಬರುತ್ತಿದ್ದ. ಮುಂದಿನ ಸಲ ತೆರೆದಾಗ ಅವನ ಬಾಗಿಲಲ್ಲಿ ತೋಫು ಇರುತ್ತಿತ್ತು, ಇಲ್ಲವೇ ಒಂದು ಹಿಡಿ ಸೊಪ್ಪು. ಶೆನ್ ಅಜ್ಜಿ ಎಂದೇ ಅವನು ಫೋನಿನಲ್ಲಿ ಹೇಳುತ್ತಿದ್ದ. ಮೊದಮೊದಲು ಅವನ ಮಾತಿನಲ್ಲಿ ನಗು ಇತ್ತು.

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಆ ನಗು ಬತ್ತಿತು. ಒಂದು ಮಧ್ಯಾಹ್ನ ವಿಡಿಯೊದಲ್ಲಿ ಮಾತಾಡುವಾಗ ಅವನು ಮೇಲಿಂದ ಮೇಲೆ ಎದ್ದು ಹೋಗಿ ನೀರು ಕುಡಿದು ಬರುವುದನ್ನು ಕಸ್ತೂರಿ ಗಮನಿಸಿದಳು. ಕೆನ್ನೆ ಒಳಕ್ಕೆ ಹೋಗಿತ್ತು. ಇನ್ಸುಲಿನ್ ಎಷ್ಟು ಉಳಿದಿದೆ ಎಂದು ಕೇಳಿದಳು. ಬೇಕಾದಷ್ಟಿದೆ ಎಂದ. ಅವಳೇ ಎಣಿಸಿ ಕೊಟ್ಟದ್ದು. ಲೆಕ್ಕ ಅವಳಿಗೆ ಗೊತ್ತಿಲ್ಲವೆ? ಫ್ರಿಜ್ ತೆಗೆದು ತೋರಿಸಿ ಎಂದಾಗ ಫೋನಿನ ಚಾರ್ಜ್ ಮುಗಿಯಿತೆಂದು ಹೇಳಿ ಕರೆ ಕತ್ತರಿಸಿದ. ಹದಿನೈದು ದಿನದಿಂದ ಅವನು ಅರ್ಧ ಅರ್ಧ ಅಳತೆ ಹಾಕಿಕೊಳ್ಳುತ್ತಿದ್ದಾನೆಂಬುದು ಸಂಜೆ ಗದರಿಸಿ ಕೇಳಿದ ಮೇಲೆ ಹೊರಬಿತ್ತು.

ಅಂದಿನಿಂದ ಕಸ್ತೂರಿ ಹೋಗದ ಜಾಗವಿಲ್ಲ, ಫೋನ್ ಮಾಡದ ಜನವಿಲ್ಲ. ಅವನ ಮೇಲಧಿಕಾರಿ ಮೊರಿತಾ ಅವರಿಗೆ, ಜಪಾನಿನ ರೂಢಿಯಂತೆ ಮೊರಿತಾ ಸಾನ್‌ಗೆ, ದಿನಾ ಮಾಡುತ್ತಿದ್ದಳು. ಅವರು ಪ್ರತಿಸಲವೂ ಕ್ಷಮೆ ಕೇಳುತ್ತಿದ್ದರು, ಶಾಂಘೈ ಕಚೇರಿಗೆ ತಿಳಿಸಿದ್ದೇವೆ ಎನ್ನುತ್ತಿದ್ದರು. ಶಾಂಘೈ ಕಚೇರಿಯವರೂ ಅವರವರ ಮನೆಯೊಳಗೇ ಬಂದಿ. ಔಷಧಿಯ ಪೊಟ್ಟಣ ಹಿಡಿದು ಕೊರಿಯರ್ ಅಂಗಡಿಗೆ ಹೋದರೆ, ಕೌಂಟರಿನ ಹುಡುಗಿ ಸೊಂಟ ಬಗ್ಗಿಸಿ ನಮಸ್ಕರಿಸಿ, ಆ ಊರಿಗೆ ಈಗ ಏನನ್ನೂ ತೆಗೆದುಕೊಳ್ಳುತ್ತಿಲ್ಲ, ತೆಗೆದುಕೊಂಡರೂ ಔಷಧಿ ಆಗದು ಎಂದಳು. ಅವಳ ವಿನಯ ಕಂಡು ಕಸ್ತೂರಿಗೆ ಕಿರುಚಬೇಕೆನಿಸಿತು. ‘ಅರಿಗಾತೋ’ ಎಂದು ಧನ್ಯವಾದ ಹೇಳಿ ಹೊರಗೆ ಬಂದಳು. ನಿಧಿಗೆ ಇದೊಂದೂ ತಿಳಿಯದಂತೆ ನೋಡಿಕೊಂಡಳು. ಅಪ್ಪನಿಗೆ ಊಟ ಸರಿಹೋಗದೆ ಸಣ್ಣಗಾಗಿದ್ದಾರೆ ಎಂದಷ್ಟೇ ಹೇಳಿದ್ದಳು.

ಆ ಶನಿವಾರ ಮಧ್ಯಾಹ್ನ ಅವಳು ನಿಲ್ದಾಣದ ಹತ್ತಿರದ ಸೂಪರ್ ಮಾರ್ಕೆಟ್ಟಿನ ಮುಂದೆ ಸೈಕಲ್ಲಿಗೆ ಚೀಲ ಕಟ್ಟುತ್ತಿದ್ದಾಗ ಫೋನ್ ಬಂತು. ಚಂದ್ರಮೋಹನನ ದನಿ ಶಾಂತವಾಗಿತ್ತು.

"ಕಸ್ತೂರಿ, ನಂಗೆ ಕಿಟಕಿ ಹತ್ರ ಹೋಗೋಕೆ ಭಯ ಆಗ್ತಿದೆ."

"ಯಾಕ್ರೀ?"

"ಹೋದ್ರೆ ವಾಪಸ್ ಬರ್ತೀನೋ ಇಲ್ವೋ ಅಂತ."

ಹಿಂದಿನ ವರ್ಷದ ಮೇ ತಿಂಗಳಲ್ಲಿ ಕಸ್ತೂರಿಯ ತಾಯಿ ಮೈಸೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ನಳಿಕೆ ಮೂಗಿಗೆ ಸಿಕ್ಕಿಸಿಕೊಂಡು ಹೀಗೇ ಫೋನಿನಲ್ಲಿದ್ದರು. ಆಗ ವಿಮಾನಗಳಿರಲಿಲ್ಲ, ಹೋದರೆ ಜಪಾನಿಗೆ ಮರಳಲು ಬಿಡುತ್ತಾರೆಂಬ ಭರವಸೆಯೂ ಇರಲಿಲ್ಲ. ಧೈರ್ಯವಾಗಿರಮ್ಮ, ಎಲ್ಲಾ ಸರಿಹೋಗುತ್ತೆ, ದೇವರಿದ್ದಾನೆ ಎಂದು ತನಗೆ ತಿಳಿದ ಸಮಾಧಾನದ ಮಾತನ್ನೆಲ್ಲ ಅವಳು ಆಗಲೇ ಖರ್ಚು ಮಾಡಿಬಿಟ್ಟಿದ್ದಳು. ಅವು ಯಾವುವೂ ತಾಯಿಯನ್ನು ಉಳಿಸಿರಲಿಲ್ಲ. ಈಗ ಬಾಯಿ ತೆರೆದರೆ ಅಂಥ ಒಂದು ಮಾತೂ ಬರಲೊಲ್ಲದು. ಸಾಲಾಗಿ ನಿಂತ ಸೈಕಲ್ಲುಗಳ ನಡುವೆ ನಿಂತು ಅವಳು ಬಾಯಿಗೆ ಬಂದದ್ದನ್ನು ಹೇಳಿದಳು.

"ಕಿಟಕಿ ವಿಷಯ ಆಮೇಲೆ ನೋಡೋಣ. ಬಾಗಿಲು ತೆಗೆದ ಮೇಲೆ ಯಾವೂರಿಗೆ ಹೋಗೋದು ಅಂತ ಮೊದ್ಲು ತೀರ್ಮಾನ ಆಗ್ಲಿ. ನಾನಂತೂ ಝೌಜುವಾಂಗ್‌ಗೆ ಬರಲ್ಲ. ಆ ಜಂಗುಳೀಲಿ ಯಾರು ಸಾಯ್ತಾರೆ."

ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು. ತಲೆ ಕೆಟ್ಟಿದೆಯಾ ನಿನಗೆ ಎಂದು ಅವನು ಕೇಳಿದ. ಕೆಟ್ಟಿದೆ, ಆದರೂ ಹೇಳಿ ಎಂದಳು. ಜಂಗುಳಿ ಶಿಟಾಂಗಿನಲ್ಲೂ ಇರುತ್ತದೆ, ಸೂರಿನ ಕೆಳಗೆ ಜನ ಇನ್ನಷ್ಟು ಒತ್ತೊತ್ತಾಗಿರುತ್ತಾರೆ, ಅಷ್ಟೂ ಗೊತ್ತಾಗುವುದಿಲ್ಲವೆ ಎಂದು ಅವನು ರೇಗಿದ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಸಿಟ್ಟು ಕೇಳಿ ಕಸ್ತೂರಿಗೆ ಉಸಿರು ಬಂತು. ಅವಳು ಇನ್ನಷ್ಟು ಕೆಣಕಿದಳು. ಮಾತಿನ ನಡುವೆಯೇ, ಕಿಟಕಿಗೆ ಚಿಲಕ ಹಾಕಿ ಪರದೆ ಎಳೆಯಿರಿ, ಕುರ್ಚಿ ತಂದು ಬಾಗಿಲ ಹತ್ತಿರ ಹಾಕಿಕೊಳ್ಳಿ ಎಂದಳು. ಕುರ್ಚಿ ಎಳೆಯುವ ಸದ್ದು ಕೇಳಿತು. ಫೋನ್ ಕಿವಿಯಿಂದ ತೆಗೆಯದೆ, ಒಂದು ಕೈಯಲ್ಲಿ ಸೈಕಲ್ ತಳ್ಳಿಕೊಂಡು, ಝೌಜುವಾಂಗನ್ನು ಬಾಯಿಗೆ ಬಂದಂತೆ ಬಯ್ಯುತ್ತಾ ಮನೆಯವರೆಗೆ ನಡೆದಳು. ಸಂಜೆಗೆ ಸಹಾಯವಾಣಿಯ ನಂಬರುಗಳನ್ನು ಹುಡುಕಿ ಕಳಿಸಿದಳು. ಮಾಡುತ್ತೇನೆ ಎಂದ, ಮಾಡಲಿಲ್ಲ.

ಆಮೇಲೆ ದಿನಕ್ಕೊಂದು ಊರು. ಬೆಳಿಗ್ಗೆ ಕಸ್ತೂರಿ ಆಫೀಸಿನ ಕೆಲಸ ಬದಿಗಿಟ್ಟು ಇಂಟರ್‌ನೆಟ್ಟಿನಲ್ಲಿ ಹುಡುಕುವಳು, ಮಧ್ಯಾಹ್ನ ಫೋನಿನಲ್ಲಿ ವಾದ. ವುಝೆನ್ ಎಂಬಲ್ಲಿ ಮರದ ಮನೆಗಳು ನೀರಿನ ಮೇಲೆ ಕಂಬ ಊರಿ ನಿಂತಿವೆ, ನೀಲಿ ಬಣ್ಣ ಹಾಕಿದ ಬಟ್ಟೆಗಳನ್ನು ಆಳೆತ್ತರದ ಗಳುಗಳಿಗೆ ಒಣಹಾಕುತ್ತಾರೆ. ಆದರೆ ಒಂದು ದಿನಕ್ಕೆ ದೂರವಾಯಿತು. ಝುಜಿಯಾಜಿಯಾವ್‌ಗೆ ಮೆಟ್ರೊದಲ್ಲೇ ಹೋಗಬಹುದು. ಮೆಟ್ರೊದಲ್ಲಿ ಹೋಗುವುದಕ್ಕೆ ಚೀನಾದವರೆಗೆ ಬರಬೇಕೆ ಎಂದು ಅವಳೇ ತಕರಾರು ತೆಗೆದಳು. ತೊಂಗ್ಲಿಯ ಸರದಿ ಬಂದಾಗ ನಿಧಿಯೂ ಪಕ್ಕದಲ್ಲಿ ಕೂತಿದ್ದಳು. ಊರಿನ ಹೆಸರು ಬರೆದ ಚೀನೀ ಅಕ್ಷರಗಳನ್ನು, ಜಪಾನಿಯಲ್ಲೂ ಬಳಸುವ ಕಾಂಜಿಗಳನ್ನು, ಅವಳು ತನ್ನ ಶಾಲೆಯ ಜಪಾನಿಯಲ್ಲೇ ಓದಿದಳು.

"ಸೇಮ್ ಅನ್ನೋದು ಫಸ್ಟ್ ಕಾಂಜಿ, ಅಪ್ಪ. ಸೆಕೆಂಡ್ ಒನ್ ಸಾತೊ, ಅಂದ್ರೆ ಊರು. ಸೇಮ್ ಊರು."

ಒಂದೇ ಊರು, ಎಂದ ಚಂದ್ರಮೋಹನ. ಅಲ್ಲಿ ಮೂರು ಸೇತುವೆಗಳಿವೆ, ಮದುವೆಯಾದವರು ಮೂರನ್ನೂ ದಾಟುತ್ತಾರಂತೆ ಎಂದು ಕಸ್ತೂರಿ ಓದಿ ಹೇಳಿದಳು. ಹಾಗಾದರೆ ತೊಂಗ್ಲಿಯೇ ಇರಲಿ ಎಂದು ನಿಧಿ ಕುಣಿದಳು. ಅವನೂ ಹೂಂ ಎನ್ನುವಂತೆ ಕಂಡಿತು. ಊರು ನಿಶ್ಚಯವಾಗಿಬಿಟ್ಟರೆ ನಾಳೆ ಮಾತಾಡಲು ಏನಿದೆ? ಅಲ್ಲಿ ತಿನ್ನಲು ಹಂದಿಯ ಕಾಲು ಬಿಟ್ಟು ಬೇರೇನೂ ಸಿಗುವುದಿಲ್ಲವಂತೆ ಎಂದು ಕಸ್ತೂರಿ ಸುಳ್ಳು ಹೇಳಿ ಆ ತೀರ್ಮಾನವನ್ನು ಕೆಡಿಸಿದಳು. ಅಂದಿನಿಂದ ಅವಳ ಕೆಲಸ ಅದೇ ಆಯಿತು: ಅವನು ಯಾವುದಕ್ಕೆ ಒಲಿದರೂ ಅದಕ್ಕೊಂದು ಕಲ್ಲು ಹಾಕುವುದು. ಅಮ್ಮ ಯಾಕೆ ಹೀಗೆ ಮಾಡುತ್ತಾಳೆಂದು ನಿಧಿ ಮುಖ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಹಾಗೆಂದು ಔಷಧಿ ಹೆಚ್ಚಾಗಲಿಲ್ಲ. ಕಟ್ಟಡದವರ ಫೋನ್ ಗುಂಪಿನಲ್ಲಿ ಕೇಳಿ ಎಂದು ಕಸ್ತೂರಿ ಎಷ್ಟು ಸಲ ಬೇಡಿಕೊಂಡಳೋ. ಎಲ್ಲರಿಗೂ ಅವರವರದೇ ಆಗಿದೆ, ನಾನು ಪರದೇಶಿ, ಯಾರನ್ನು ಕೇಳಲಿ ಎನ್ನುತ್ತಿದ್ದ. ಬರಬರುತ್ತಾ ವಾದದ ನಡುವೆಯೇ ಅವನಿಗೆ ಜೋಂಪು ಹತ್ತುತ್ತಿತ್ತು. ಒಮ್ಮೆ ಝೌಜುವಾಂಗ್ ಎನ್ನಲು ಹೋಗಿ ಹೆಸರೇ ನೆನಪಾಗದೆ, ಅದೇ, ನನ್ನ ಊರು ಎಂದ.

ಏಪ್ರಿಲ್ ಮುಗಿಯಲು ಬಂದಿತ್ತು. ಆ ದಿನ ಕಸ್ತೂರಿ ಮಾತು ತೆಗೆಯುವುದಕ್ಕೂ ಮೊದಲೇ ಚಂದ್ರಮೋಹನ ಹೇಳಿದ.

"ಸರಿ, ಶಿಟಾಂಗೇ ಆಗ್ಲಿ. ನೀನು ಹೇಳಿದ್ದೇ ಸರಿ."

ದೂರವಾಗುತ್ತದಲ್ಲ ಎಂದು ಅವಳು ತನ್ನ ಊರಿಗೇ ಅಡ್ಡ ಮಾತು ತೆಗೆದಳು.

"ಪರವಾಗಿಲ್ಲ. ನಿಧೀನೂ ಕರ್ಕೊಂಡು ಹೋಗು. ಮಳೆ ಇದ್ರೆ ಇನ್ನೂ ಚೆನ್ನಾಗಿರುತ್ತೆ."

ನಿದ್ದೆ ಬರುತ್ತಿದೆ ಎಂದು ಫೋನ್ ಇಟ್ಟ. ಕಸ್ತೂರಿ ಎದ್ದು ಅಡುಗೆಮನೆಗೆ ಹೋದಳು. ಅಕ್ಕಿ ತೊಳೆಯುತ್ತಾ ನಿಂತವಳಿಗೆ ಕೈ ಅಲ್ಲಿಗೇ ನಿಂತುಹೋಯಿತು. ಮದುವೆಯಾದಂದಿನಿಂದ ಒಂದು ಪರದೆಯ ಬಣ್ಣಕ್ಕೂ ಸೋಲೊಪ್ಪದ ಮನುಷ್ಯ ಸರಿ ಎಂದಿದ್ದ. ಅಷ್ಟೇ ಅಲ್ಲ. ಕರ್ಕೊಂಡು ಹೋಗೋಣ ಎನ್ನಲಿಲ್ಲ, ಹೋಗು ಎಂದ. ಒದ್ದೆ ಕೈಯಲ್ಲೇ ಫೋನ್ ತೆಗೆದು ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಆ ಸಂಜೆಯೆಲ್ಲ ಎತ್ತಲಿಲ್ಲ. ಬೆಳಿಗ್ಗೆ ಮಾಡಿದರೆ ಸ್ವಿಚ್ ಆಫ್.

ಮೊರಿತಾ ಸಾನ್ ಫೋನಿಗೆ ಸಿಗಲಿಲ್ಲ, ಮೀಟಿಂಗಿನಲ್ಲಿದ್ದಾರೆ ಎಂದರು. ಕಸ್ತೂರಿಗೆ ಜಪಾನಿ ಬರುತ್ತಿದ್ದುದು ಕೊಂಬಿನಿಯಂಥ ಬೀದಿಮೂಲೆಯ ಅಂಗಡಿಗಳಲ್ಲಿ ಸಾಮಾನು ಕೊಳ್ಳಲು ಸಾಲುವಷ್ಟು. ತುರ್ತಾಗಿ ಮನುಷ್ಯನೊಬ್ಬನ ಜೀವ ಉಳಿಸಿ ಎಂದು ಹೇಳುವಷ್ಟಿರಲಿಲ್ಲ. ಶಾಲೆಗೆ ಹೊರಟಿದ್ದ ನಿಧಿಯನ್ನು ನಿಲ್ಲಿಸಿ, ನನ್ನ ಜೊತೆ ಬಾ ಎಂದಳು. ಏಕೆ ಏನು ಎಂದು ಹೇಳಲಿಲ್ಲ. ಮಗು ಬೆನ್ನಿನ ಶಾಲೆ ಚೀಲ ಇಳಿಸದೆಯೇ ಚಪ್ಪಲಿ ಮೆಟ್ಟಿತು. ಟೋಕಿಯೊ ದಾಟಿ ಕನಗಾವಾದ ಆ ಕಚೇರಿಯವರೆಗೆ ಮೂರು ರೈಲು. ಎಲ್ಲರೂ ಮಾಸ್ಕ್ ಹಾಕಿ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದರು. ಯಾರೂ ತುಟಿ ಬಿಚ್ಚದ ಆ ಡಬ್ಬಿಯಲ್ಲಿ ಕಸ್ತೂರಿ ಗಂಡನ ನಂಬರನ್ನು ಮತ್ತೆ ಮತ್ತೆ ಒತ್ತುತ್ತಾ ಕೂತಳು. ನಿಧಿ ಅಮ್ಮನ ಮೊಣಕೈ ಹಿಡಿದುಕೊಂಡಿದ್ದಳು.

ಸ್ವಾಗತದ ಮೇಜಿನ ಹತ್ತಿರವೇ ಮೊರಿತಾ ಸಾನ್ ಇಳಿದು ಬಂದರು. ಐವತ್ತು ದಾಟಿದ, ತೆಳ್ಳನೆಯ ಮನುಷ್ಯ. ಬಂದವರೇ ಬಗ್ಗಿ ಕ್ಷಮೆ ಕೇಳಲು ಶುರುಮಾಡಿದರು. ಕಸ್ತೂರಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಅವರಿಗೆ ಅರ್ಧ ತಿಳಿಯಿತು. ಶಾಂಘೈ ಕಚೇರಿಗೆ ಮತ್ತೆ ಬರೆಯುತ್ತೇವೆ ಎಂದರು. ಅವಳು ಮಗಳ ಕಡೆ ತಿರುಗಿದಳು. ಏನು ಹೇಳಿಸುವುದು ಈ ಎಳೆಯ ಬಾಯಲ್ಲಿ? ನಿಧಿಯೇ ಮೆಲ್ಲನೆ ಕೇಳಿದಳು.

"ಅಮ್ಮ, ಅಪ್ಪಂಗೆ ಕಿಟಕಿ ಹತ್ರ ಹೋಗೋಕೆ ಭಯ ಅಂತ ಹೇಳ್ಲಾ?"

ಎಲ್ಲಾ ಗೊತ್ತಿತ್ತು ಮಗುವಿಗೆ. ತೆಳು ಗೋಡೆಯ ಎರಡು ಕೋಣೆ ಮನೆಯಲ್ಲಿ ಯಾವ ಗುಟ್ಟು ನಿಲ್ಲುತ್ತದೆ? ತಿಳಿದೂ ತಿಳಿಯದವಳಂತೆ, ದಿನವೂ ಬಂದು ಪಕ್ಕದಲ್ಲಿ ಕೂತು, ಊರುಗಳ ಹೆಸರು ಓದಿ ಹೇಳಿತ್ತು. ಕಸ್ತೂರಿ ತಲೆಯಾಡಿಸಿದಳು. ನಿಧಿ ಮೊರಿತಾ ಸಾನ್‌ರತ್ತ ತಿರುಗಿ, ಟೀಚರಿಗೆ ಪಾಠ ಒಪ್ಪಿಸುವಾಗ ನಿಲ್ಲುವಂತೆ ಎರಡೂ ಕೈ ಪಕ್ಕಕ್ಕೆ ಬಿಟ್ಟು, ಜಪಾನಿಯಲ್ಲಿ ಹೇಳಿದಳು. ಅಪ್ಪನ ಔಷಧಿ ಮುಗಿದಿದೆ. ಅಪ್ಪನಿಗೆ ಬದುಕಲು ಇಷ್ಟವಿಲ್ಲದ ಹಾಗೆ ಆಗಿದೆ. ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ. ಅಪ್ಪ ಸತ್ತುಹೋಗಿರಬಹುದು, ದಯವಿಟ್ಟು ಯಾರನ್ನಾದರೂ ಬಾಗಿಲಿಗೆ ಕಳಿಸಿ.

ಮೊರಿತಾ ಸಾನ್ ಈ ಸಲ ಬಗ್ಗಲಿಲ್ಲ. ಅಮ್ಮ ಮಗಳಿಬ್ಬರನ್ನೂ ಮೆಟ್ಟಿಲು ಹತ್ತಿಸಿಕೊಂಡು ಓಡುವವರಂತೆ ಮೇಲೆ ಹೋದರು. ಖರೀದಿ ವಿಭಾಗದಲ್ಲಿ ಲಿನ್ ಎಂಬ ಹೆಂಗಸಿದ್ದಳು, ಚೀನಾದವಳು, ಮದುವೆಯಾಗಿ ಇಲ್ಲಿ ನೆಲೆಸಿದವಳು. ಅವಳ ಕೈಯಲ್ಲಿದ್ದ ಕೆಲಸ ಬಿಡಿಸಿ ಅವಳಿಂದ ಫೋನ್ ಮಾಡಿಸಿದರು. ಲಿನ್ ಸಾನ್ ಮೊದಲು ನಯವಾಗಿ ಮಾತಾಡಿದಳು, ಆಮೇಲೆ ದನಿ ಏರಿಸಿದಳು, ಆಮೇಲೆ ಎದ್ದು ನಿಂತು ಬಯ್ದಳು. ಕಟ್ಟಡದ ಕಾವಲುಗಾರನ ನಂಬರು ಸಿಕ್ಕಿತು. ಮೇಲಿನವರ ಅಪ್ಪಣೆಯಿಲ್ಲದೆ ಅಂಟಿಸಿದ ಪಟ್ಟಿ ಕೀಳುವಂತಿಲ್ಲ ಎಂದನಂತೆ. ನೀನು ಕೀಳಬೇಡ, ಎದುರು ಮನೆಯ ಮುದುಕಿಗೆ ಬಾಗಿಲು ಬಡಿಯಲು ಹೇಳು ಎಂದು ಲಿನ್ ಸಾನ್ ಹೇಳಿದಳು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ದೂರದ ಕಟ್ಟಡವೊಂದರ ಓಣಿಯಲ್ಲಿ ಬಾಗಿಲು ಬಡಿಯುವ ಸದ್ದು ಕನಗಾವಾದ ಆ ಕಚೇರಿಯಲ್ಲಿ ಕೇಳಿತು. ಮೊದಲು ಅಂಗೈಯಿಂದ, ಆಮೇಲೆ ಏನೋ ಲೋಹದ ವಸ್ತುವಿನಿಂದ. ಮುದುಕಿಯೊಬ್ಬಳು ಕೂಗುತ್ತಿದ್ದಳು. ಉತ್ತರವಿಲ್ಲ. ಸುತ್ತ ಮೇಜುಗಳ ಜನ ಟೈಪ್ ಮಾಡುವುದನ್ನು ನಿಲ್ಲಿಸಿದ್ದರು. ಕಸ್ತೂರಿ ನೆಲದ ಮೇಲೆ ಕೂತಿದ್ದಳು. ಯಾವಾಗ ಕೂತಳೋ ಅವಳಿಗೇ ತಿಳಿಯದು. ಮುದುಕಿ ಕಾವಲುಗಾರನಿಗೆ ಏನೋ ಅರಚಿದಳು. ಕಾಗದ ಹರಿದ ಸದ್ದು, ಬೀಗದ ಕೈ ತಿರುಗಿದ ಸದ್ದು, ಹೆಜ್ಜೆಗಳು. ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಲಿನ್ ಸಾನ್ ಕಣ್ಣು ಮುಚ್ಚಿಕೊಂಡು ಆಲಿಸಿ, ನಿಧಿಯ ಕಡೆ ನೋಡಿ ಒಂದೇ ಮಾತು ಹೇಳಿದಳು.

"ಉಸಿರಾಡ್ತಿದಾರೆ ಅಂತೆ, ಅಮ್ಮ," ಎಂದಳು ನಿಧಿ.

ಹಾಸಿಗೆಗೂ ಬಚ್ಚಲಿಗೂ ನಡುವೆ ಬಿದ್ದಿದ್ದ. ಮಾತಾಡಿಸಿದರೆ ನರಳುತ್ತಿದ್ದ, ಅಷ್ಟೆ. ಶೆನ್ ಅಜ್ಜಿ ತನ್ನ ಮನೆಗೆ ಓಡಿ ಸಕ್ಕರೆ ನೋಡುವ ಯಂತ್ರ ತಂದಳು. ಅದು ಅಂಕಿ ತೋರಿಸದೆ ಮಿತಿ ಮೀರಿದೆ ಎಂದಷ್ಟೇ ತೋರಿಸಿತು. ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಡಾಕ್ಟರೊಬ್ಬರು ಬಂದಿಯಾಗಿದ್ದರು. ಅವರು ಫೋನಿನಲ್ಲಿ ಹೇಳಿದಂತೆ ಅಜ್ಜಿ ತನ್ನ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಪೆನ್ ತಂದು ಚುಚ್ಚಿದಳು, ಚಮಚದಲ್ಲಿ ನೀರು ಹನಿಸಿದಳು. ಆಂಬುಲೆನ್ಸ್ ಬರುವ ಹೊತ್ತಿಗೆ ಸಂಜೆಯಾಯಿತು. ಅಲ್ಲಿಯವರೆಗೂ ಲಿನ್ ಸಾನ್ ಫೋನ್ ಬಿಡಲಿಲ್ಲ. ಮೊರಿತಾ ಸಾನ್ ಯಾರು ಯಾರಿಗೋ ಫೋನ್ ಮಾಡುತ್ತಲೇ ಇದ್ದರು. ನಡುವೆ ಒಮ್ಮೆ ಕೊಂಬಿನಿಯಿಂದ ಅನ್ನದ ಉಂಡೆ ತಂದು, ಮೀನಿಲ್ಲದ್ದು ಎಂದು ಹೇಳಿ ನಿಧಿಯ ಕೈಗಿತ್ತರು.

ಇಷ್ಟರಲ್ಲಿ ಲಿನ್ ಸಾನ್ ಒಂದು ವಿಷಯವನ್ನು ಕಸ್ತೂರಿಯ ಹತ್ತಿರ ಮಾತ್ರ, ನಿಧಿಯನ್ನು ದೂರ ಕಳಿಸಿ, ಇಂಗ್ಲಿಷಿನಲ್ಲಿ ಹೇಳಿದಳು. ಆಸ್ಪತ್ರೆಗೆ ಕಳಿಸಲು ಅಜ್ಜಿ ಅವನ ಔಷಧಿ ಹುಡುಕಿದಾಗ ಫ್ರಿಜ್ಜಿನ ಬಾಗಿಲಲ್ಲಿ ಒಂದು ಪೆನ್ ಸಿಕ್ಕಿತಂತೆ. ಅದರಲ್ಲಿ ಇನ್ನೂ ಔಷಧಿ ಇತ್ತಂತೆ. ಕಸ್ತೂರಿ ತಲೆಯಾಡಿಸಿದಳು. ಔಷಧಿ ಮುಗಿದು ಬಿದ್ದನೋ, ಇದ್ದೂ ಹಾಕಿಕೊಳ್ಳದೆ ಬಿದ್ದನೋ? ಆ ಪ್ರಶ್ನೆಯನ್ನು ಅವಳು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ ಕಲ್ಲಿನಂತೆ ಕೂತಿತು.

ಆಸ್ಪತ್ರೆಯಿಂದ ಅವನ ಮೊದಲ ಕರೆ ಬಂದದ್ದು ಜಪಾನಿನಲ್ಲಿ ಮೇ ಮೊದಲ ವಾರ ಬರುವ ರಜೆಯಲ್ಲಿ. ದನಿ ಬಾವಿಯೊಳಗಿಂದ ಬಂದಂತಿತ್ತು. ಶಿಟಾಂಗ್ ಅಂದದ್ದು ನಿನ್ನ ಸಮಾಧಾನಕ್ಕೆ ಎಂದ.

"ಗೊತ್ತಿತ್ತು," ಎಂದಳು ಕಸ್ತೂರಿ. "ನೀವು ಸೋತ ದಿನವೇ ನಂಗೆ ಗೊತ್ತಾಯ್ತು."

ಅವನು ಅತ್ತ. ಅವಳು ಫೋನ್ ಹಿಡಿದುಕೊಂಡು ಕೇಳುತ್ತಾ ಕೂತಳು, ತಾನು ಅಳಲಿಲ್ಲ. ಇನ್ನು ಮುಂದೆ ಯಾವ ಊರಿನ ಮಾತನ್ನೂ ಎತ್ತುವುದಿಲ್ಲ ಎಂದುಕೊಂಡಳು. ಎತ್ತಲೂ ಇಲ್ಲ. ಡಾಕ್ಟರ ಜೊತೆ ಮಾತಾಡಲು ದಿನಾ ಒಪ್ಪಿಸಿದಳು. ಬೆಂಗಳೂರಿನ ಮನೋವೈದ್ಯರೊಬ್ಬರು ಕನ್ನಡದಲ್ಲೇ ಫೋನಿನಲ್ಲಿ ಮಾತಾಡುತ್ತಿದ್ದರು.

ಜೂನ್ ಒಂದಕ್ಕೆ ಶಾಂಘೈ ತೆರೆಯಿತು. ಜಪಾನಿನ ವಿಮಾನಕ್ಕೆ ಟಿಕೆಟ್ ಸಿಕ್ಕಿದ್ದು ತಿಂಗಳ ಕೊನೆಗೆ. ಹೊರಡುವ ಹಿಂದಿನ ದಿನ ಚಂದ್ರಮೋಹನನಿಗೆ ಪೂರ್ತಿ ಬಿಡುವಿತ್ತು. ಬೇರೆ ಪ್ರಾಂತದ ಊರುಗಳಿಗೆ ಹೋದರೆ ಅಲ್ಲಿ ಹಿಡಿದಿಟ್ಟುಕೊಂಡಾರು ಎಂಬ ಭಯ; ಆದರೆ ಝುಜಿಯಾಜಿಯಾವ್ ಶಾಂಘೈಗೇ ಸೇರಿದ್ದು, ಮೆಟ್ರೊ ಓಡುತ್ತಿತ್ತು. ಅಲ್ಲಿಗಾದರೂ ಹೋಗಿ ಬರಲೆ ಎಂದು ಅವನೇ ಕೇಳಿದ. ಬೇಡ, ಮನೆ ಬಿಟ್ಟು ಅಲ್ಲಾಡಬೇಡಿ ಎಂದಳು ಕಸ್ತೂರಿ. ನೀರಿನ ಹತ್ತಿರ ಅವನೊಬ್ಬನೇ ನಿಲ್ಲುವುದನ್ನು ನೆನೆಸಿಕೊಳ್ಳಲೂ ಅವಳಿಗೆ ಆಗಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲೂ ಆಗಲಿಲ್ಲ.

ಅದೇ ದಿನ ಮಧ್ಯಾಹ್ನ ಅವನು ಎಲ್ಲಿಂದಲೋ ಫೋನ್ ಮಾಡಿದ. ಹಿಂದೆ ವಾಹನಗಳ ಸದ್ದು. ಎಲ್ಲಿದ್ದೀರಿ ಎಂದು ಅವಳು ಕೇಳಿದಾಗ, ಊರಾಚೆ, ಚಿತಾಗಾರದ ಮುಂದೆ ಎಂದ. ಶೆನ್ ಅಜ್ಜಿಯ ಗಂಡ ಏಪ್ರಿಲ್ ಮೊದಲ ವಾರವೇ ಸೋಂಕು ತಗುಲಿ ಆಸ್ಪತ್ರೆಗೆ ಹೋದವರು ವಾಪಸ್ ಬಂದಿರಲಿಲ್ಲ. ಬೂದಿ ತೆಗೆದುಕೊಳ್ಳಲು ಈಗ ಕರೆ ಬಂದಿದೆ, ದೂರದೂರಿನ ಮಗ ಬರುವಂತಿಲ್ಲ. ಮುದುಕಿ ಒಬ್ಬಳೇ ಹೊರಟು ನಿಂತಿದ್ದಳು, ತಾನೂ ಜೊತೆಗೆ ಬಂದೆ ಎಂದ.

"ನಂಗೆ ಕೊಟ್ಟಿದ್ದು ಅವರ ಪೆನ್ನು, ಕಸ್ತೂರಿ. ಸತ್ತವರದ್ದು. ನಾನು ಇವತ್ತೇ ಕೇಳಿದ್ದು."

ಗಂಡ ಸತ್ತ ಸುದ್ದಿ ಕೇಳಿ ಮೂರು ವಾರವೂ ಆಗದ ಹೆಂಗಸು, ಅವರಿಗೆಂದು ಇಟ್ಟಿದ್ದ ಔಷಧಿಯನ್ನು ಹಿಡಿದು, ಹೆಸರೂ ಸರಿಯಾಗಿ ಹೇಳಲು ಬಾರದ ಪರದೇಶಿಯ ಬಾಗಿಲು ಬಡಿದಿದ್ದಳು. ಅಜ್ಜಿಗೆ ಏನಾದರೂ ಹೇಳು ಎಂದು ಚಂದ್ರಮೋಹನ ವಿಡಿಯೊ ಹಾಕಿ ಫೋನನ್ನು ಮುದುಕಿಯ ಮುಂದೆ ಹಿಡಿದ. ಸಣ್ಣ ಮುಖ, ಮೋಟು ಬಿಳಿಗೂದಲು, ಎದೆಗವಚಿಕೊಂಡ ಕೆಂಪು ಬಟ್ಟೆಯ ಗಂಟು. ಯಾವ ಭಾಷೆಯಲ್ಲಿ ಏನು ಹೇಳುವುದು? ಕಸ್ತೂರಿ ಎರಡೂ ಕೈ ಮುಗಿದಳು. ಮುದುಕಿ ಅದನ್ನು ನೋಡಿ, ಗಂಟನ್ನು ಒಂದು ಕೈಗೆ ಸರಿಸಿಕೊಂಡು, ಅನ್ನ ಉಣ್ಣುವಂತೆ ಬೆರಳುಗಳನ್ನು ಬಾಯಿಗೆ ತಂದು ತೋರಿಸಿ ಚಂದ್ರಮೋಹನನತ್ತ ಬೊಟ್ಟು ಮಾಡಿದಳು. ಇವನಿಗೆ ಸರಿಯಾಗಿ ಊಟ ಹಾಕು ಎಂದು.

ನರೀತಾ ವಿಮಾನ ನಿಲ್ದಾಣದಲ್ಲಿ ಅವನು ಗಾಜಿನ ಬಾಗಿಲು ದಾಟಿ ಹೊರಬಂದಾಗ ನಿಧಿ ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಅಂಗಿ ಗಳುವಿಗೆ ನೇತುಹಾಕಿದಂತಿತ್ತು, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಕಸ್ತೂರಿ ಅವನ ಕೈಯಿಂದ ಚೀಲ ತೆಗೆದುಕೊಂಡಳು. ಟ್ಯಾಕ್ಸಿ ಹಿಡಿಯೋಣವೆಂದರೆ ಅವನು ಒಪ್ಪಲಿಲ್ಲ, ಇಲ್ಲಿ ಟ್ಯಾಕ್ಸಿ ಬಾಗಿಲನ್ನು ಡ್ರೈವರೇ ತೆರೆದು ಮುಚ್ಚುವುದು, ಒಳಗೆ ಕೂತರೆ ಬಾಗಿಲು ನಮ್ಮ ಕೈಯಲ್ಲಿರುವುದಿಲ್ಲ ಎಂದ. ರೈಲಿನಲ್ಲೇ ಬಂದು ನಿಶಿ ಫುನಾಬಾಶಿಯಲ್ಲಿ ತೋಜಾಯ್ ಲೈನಿಗೆ ಬದಲಾಯಿಸಿದರು. ಮಧ್ಯಾಹ್ನದ ಹೊತ್ತು, ಸೀಟುಗಳು ಖಾಲಿ ಇದ್ದವು. ಅವನು ಕೂರಲಿಲ್ಲ. ಬಾಗಿಲಿಗೆ ಒತ್ತಿ ನಿಂತ.

ಮೊದಲ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಅವನು ಪ್ಲಾಟ್‌ಫಾರ್ಮಿಗೆ ಇಳಿದ. ಎಲ್ಲಿಗೆ ಎಂದು ಕಸ್ತೂರಿ ಗಾಬರಿಯಾಗಿ ಎದ್ದಳು. ಎಲ್ಲಿಗೂ ಇಲ್ಲ. ಹೊರಗೆ ನಿಂತು ಒಮ್ಮೆ ಉಸಿರೆಳೆದುಕೊಂಡ, ಗಂಟೆ ಬಾರಿಸುವ ಹೊತ್ತಿಗೆ ಮತ್ತೆ ಒಳಗೆ ಬಂದ. ಮ್ಯೋಡೆನ್‌ನಲ್ಲೂ ಹಾಗೇ ಮಾಡಿದ. ಬಾಗಿಲು ತೆರೆಯುತ್ತದೆ, ಇಳಿಯಬಹುದು, ಮತ್ತೆ ಹತ್ತಬಹುದು. ಅದನ್ನು ಅವನ ಮೈ ನಂಬಲೊಲ್ಲದೇನೋ. ಎದುರು ಕೂತ ಮುದುಕರೊಬ್ಬರು ನೋಡಿಯೂ ನೋಡದಂತೆ ಮುಖ ತಿರುಗಿಸಿಕೊಂಡರು. ಕಸ್ತೂರಿಗೆ ನಾಚಿಕೆಯಾಗಲಿಲ್ಲ. ಇನ್ನೆಷ್ಟು ದಿನ ಹೀಗೆ, ಇನ್ನೆಷ್ಟು ವರ್ಷ ಎಂದು ನೆನೆದು ಕಂಬ ಹಿಡಿದುಕೊಂಡಳು.

ಗ್ಯೋಟೊಕು ಬಂತು. ಅವನು ಇಳಿಯಲು ಹೆಜ್ಜೆ ಎತ್ತಿದಾಗ ನಿಧಿ ಎದ್ದು ಹೋಗಿ ಅಪ್ಪನ ಕೈ ಹಿಡಿದುಕೊಂಡು ತಾನೂ ಇಳಿದಳು. ಬಿಸಿಲಲ್ಲಿ ಇಬ್ಬರೂ ರೈಲಿನತ್ತ ಮುಖ ಮಾಡಿ ನಿಂತರು.

"ಈಗ ಹತ್ತೋಣ್ವಾ?" ಎಂದು ಅವನು ಕೇಳಿದ.

"ನೋ ಹರ್ರಿ, ಅಪ್ಪ. ಇನ್ನೂ ಟೈಮ್ ಇದೆ," ಎಂದಳು ನಿಧಿ.

ಕಸ್ತೂರಿ ಒಳಗಿನಿಂದ, ಬಾಗಿಲು ಮುಚ್ಚದಂತೆ, ಅಡ್ಡವಾಗಿ ಕಾಲಿಟ್ಟು ನಿಂತಳು.